ಎದ್ದು ಹೋಗಲೊಲ್ಲದ ಮಸಿ

ಕೆರೆಯಂಗಳದ ಮಠದ ಹಿರಿಯ ಗುರುಗಳಿಗೆ ಎಂಬತ್ತು ತುಂಬಿದ ವರ್ಷ, ಶ್ರಾವಣದ ಮೊದಲ ಸೋಮವಾರ, ಬೆಳಗಿನ ಪೂಜೆ ಮುಗಿದು ಪ್ರಸಾದಕ್ಕೆ ಇನ್ನೂ ಹೊತ್ತಿದ್ದಾಗ, ಶಿಷ್ಯನಾದ ಓಂಕಾರಯ್ಯನು ಕೈಮುಗಿದು ಕೇಳಿದನು:

“ಬುದ್ಧಿ, ಮಾತು ಎಂದಿಗೂ ಅಳಿಯದಂತೆ ಅಚ್ಚು ಹಾಕಿಸುವುದು ಹೇಗೆ?”

ಕೇಳಿದ್ದಕ್ಕೆ ಕಾರಣವಿತ್ತು. ಗುರುಗಳು ಇಷ್ಟು ಕಾಲ ಆಡಿದ ನುಡಿಗಳನ್ನು ಒಂದುಗೂಡಿಸಿ ಗ್ರಂಥವಾಗಿ ಹೊರತರಬೇಕೆಂದು ಭಕ್ತರು ನಿಶ್ಚಯಿಸಿದ್ದರು. ಅದರ ಹೊಣೆ ಓಂಕಾರಯ್ಯನದು. ಅಂದು ಸಂಜೆಯೊಳಗೆ ಆತನು ಪಟ್ಟಣದ ಅಚ್ಚುಮನೆಗೆ ಮಾತು ಕೊಡಬೇಕಾಗಿತ್ತು. ಮಾದರಿಯ ಹಾಳೆಯೊಂದು ಆತನ ಕೈಯಲ್ಲಿಯೇ ಇತ್ತು. ಅದಕ್ಕೆ ಪ್ಲಾಸ್ಟಿಕ್ಕಿನ ತೆಳುವಾದ ಪೊರೆ ಹೊದಿಸಿದ್ದರು. ಅಕ್ಷರಗಳು ಮಿಂಚುತ್ತಿದ್ದವು.

ಗುರುಗಳು ಹಾಳೆಯನ್ನು ತೆಗೆದುಕೊಂಡು ಹರಿಯಲು ನೋಡಿದರು. ಹರಿಯಲಿಲ್ಲ. ತಂಬಿಗೆಯ ನೀರಿನಲ್ಲಿ ಅದ್ದಿದರು. ನೆನೆಯಲಿಲ್ಲ.

“ಗೆದ್ದಲು?”

“ಮುಟ್ಟುವುದಿಲ್ಲ, ಬುದ್ಧಿ.” ಓಂಕಾರಯ್ಯನ ಮುಖ ಅರಳಿತು.

“ಓದಿ ಮುಗಿದ ಮೇಲೆ ಇದು ಎಲ್ಲಿಗೆ ಹೋಗುತ್ತದೆ?”

“ಎಲ್ಲಿಗೂ ಹೋಗುವುದಿಲ್ಲ. ಅದೇ ಇದರ ಹೆಚ್ಚುಗಾರಿಕೆ.”

ಗುರುಗಳ ದೃಷ್ಟಿ ಹಿತ್ತಲಿನ ಕಡೆಗೆ ಹೊರಳಿತು. ಅಲ್ಲಿ ಹಿಂದಿನ ವರ್ಷಗಳ ಹೊಳಪಿನ ಕ್ಯಾಲೆಂಡರುಗಳೂ ಆಮಂತ್ರಣಗಳೂ ರಾಶಿಯಾಗಿ ಬಿದ್ದಿದ್ದವು. ಮಣ್ಣು ಅವನ್ನು ತಿಂದಿರಲಿಲ್ಲ. ಒಮ್ಮೆ ಬೆಂಕಿಯಿಟ್ಟಾಗ ಎದ್ದ ಹೊಗೆಗೆ ಕೊಟ್ಟಿಗೆಯ ಹಸುಗಳು ದಿನವಿಡೀ ಕೆಮ್ಮಿದ್ದವು. ಅಂದಿನಿಂದ ಬೆಂಕಿಯಿಡುವುದನ್ನೂ ಬಿಟ್ಟಿದ್ದರು.

“ಕುಳಿತುಕೊ, ಓಂಕಾರಯ್ಯ,” ಎಂದರು ಗುರುಗಳು. “ಒಬ್ಬ ಅಚ್ಚಿನವನ ಸಂಗತಿ ಹೇಳುತ್ತೇನೆ. ಸಂಜೆಯ ಮಾತನ್ನು ಆಮೇಲೆ ನೋಡೋಣ.”

ಓಂಕಾರಯ್ಯನು ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತನು. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಅಚ್ಚಿನವನಿದ್ದನು. ಊರು ಪೇಟೆಗೂ ದೂರ, ಬಂದರಿಗೂ ದೂರ. ಯುಗಾದಿಯ ಪಂಚಾಂಗವನ್ನು ಅಚ್ಚು ಹಾಕುವ ಮರ್ಯಾದೆ ಅಜ್ಜನ ಕಾಲದಿಂದ ಆತನ ಮನೆಗೆ ನಡೆದು ಬಂದಿತ್ತು. ಹಬ್ಬದ ದಿನ ಮಂಟಪದಲ್ಲಿ ಪಂಚಾಂಗ ಓದುವ ಮೊದಲು ಊರವರೆಲ್ಲರ ಎದುರಿಗೆ ಅಚ್ಚಿನವನಿಗೆ ತಾಂಬೂಲ ಕೊಡುವರು. ಆ ತಾಂಬೂಲಕ್ಕಾಗಿ ಆತನು ಇಡೀ ವರ್ಷ ದುಡಿಯುವನು ಎಂದರೂ ತಪ್ಪಿಲ್ಲ.

ಊರ ಕೆಳಗೆ ಹಳ್ಳದ ದಂಡೆಯಲ್ಲಿ ಕಾಗದ ಮಾಡುವವರ ಕೇರಿ. ಕೇರಿಗೆ ಒಬ್ಬ ಮುದುಕಿ ಹಿರಿಯಳು. ಅವಳ ಕೈಯ ಕಾಗದ ನುಣುಪು, ನಾಲಗೆ ಅಷ್ಟು ನುಣುಪಲ್ಲ.

ಆ ಊರಿನದೊಂದು ಪದ್ಧತಿ. ಹೊಸ ಪಂಚಾಂಗ ಬೇಕಾದವನು ಹಳೆಯದನ್ನು ತಂದು ಒಪ್ಪಿಸಬೇಕು. ಹಾಗೆ ಬಂದುದೆಲ್ಲ ಮುದುಕಿಯ ಕೇರಿಗೆ ಹೋಗುವುದು. ಮಳೆ ಕಳೆದು ಹಳ್ಳ ತಿಳಿಯಾದ ಮೇಲೆ ಕೇರಿಯವರು ಅದನ್ನು ಬೂದಿನೀರಿನಲ್ಲಿ ಕುದಿಸಿ, ತೊಟ್ಟಿಗೆ ಹಾಕಿ ತುಳಿಯುವರು. ಮಸಿ ಬಿಟ್ಟು ನೀರಿಗೆ ಬರುವುದು. ಆ ನೀರು ಬಾಳೆಯ ಬುಡಕ್ಕೆ. ತಿರುಳನ್ನು ಜರಡಿಯಲ್ಲಿ ಎತ್ತಿ, ಒಣಗಿಸಿ, ಗಂಜಿ ಬಳಿದು, ಕಲ್ಲಿನಿಂದ ಉಜ್ಜಿದರೆ ಮತ್ತೆ ಕಾಗದ. ಆ ಕಾಗದದ ಮೇಲೆ ಮತ್ತೆ ಪಂಚಾಂಗ. ಅಜ್ಜನು ನೋಡಿದ ಹಾಳೆಯನ್ನೇ ಮೊಮ್ಮಗನು ನೋಡುವನು. ಅದರ ಮೇಲಿನ ತಿಥಿ ಮಾತ್ರ ಬೇರೆ.

ಮಸಿಯನ್ನು ಅಚ್ಚಿನವನು ತಾನೇ ಕಾಸುವನು. ಅಗಸೆ ಎಣ್ಣೆಯನ್ನು ಎಳೆ ಬರುವ ಪಾಕಕ್ಕೆ ತಂದು, ದೀಪದ ಕಾಡಿಗೆಯನ್ನು ಕಲಸಿ ಅರೆಯಬೇಕು. ಅದು ಬೇಸರದ ಕೆಲಸ. ಎಣ್ಣೆ ಉಕ್ಕಿದರೆ ಬೆಂಕಿ ಹತ್ತುವುದು. ಅಚ್ಚು ಬಿದ್ದ ಹಾಳೆ ಬೇಗ ಒಣಗದು. ಹಬ್ಬ ಹತ್ತಿರವಾದಂತೆ ಅಚ್ಚಿನವನು ಮನೆಯ ತುಂಬ ಕಟ್ಟಿದ ಹಗ್ಗಗಳ ಕೆಳಗೆ ಬಗ್ಗಿ ಓಡಾಡುತ್ತ, ಹಾಳೆಗಳನ್ನೂ ಅಜ್ಜನನ್ನೂ ಕೂಡಿಯೇ ಬಯ್ಯುವನು.

ಒಂದು ವರ್ಷ ಒಬ್ಬ ವ್ಯಾಪಾರಿ ಬಂದನು. ಆತನ ಡಬ್ಬಿಯಲ್ಲಿ ನೆಲದಾಳದ ಎಣ್ಣೆಯಿಂದ ಮಾಡಿದ ಮಸಿಯಿತ್ತು.

“ಯಜಮಾನರೇ, ನಿಮ್ಮ ಮಸಿ ಬೂದಿನೀರಿಗೆ ಹೆದರುತ್ತದೆ,” ಎಂದನು ವ್ಯಾಪಾರಿ. “ಇದು ಯಾವುದಕ್ಕೂ ಹೆದರುವುದಿಲ್ಲ. ಒಮ್ಮೆ ಕುಳಿತರೆ ಏಳುವ ಜಾತಿಯಲ್ಲ.”

ಅಚ್ಚಿನವನಿಗೆ ಆ ಮಾತು ಹಿಡಿಸಿತು. ತನ್ನ ಕೆಲಸ ವರ್ಷವರ್ಷವೂ ತೊಟ್ಟಿಯಲ್ಲಿ ಕರಗಿ ಹೋಗುವುದು ಆತನಿಗೆ ಒಳಗೊಳಗೇ ಕೊರೆಯುತ್ತಿತ್ತು. ಬಡಗಿಯ ಬಾಗಿಲು ಉಳಿಯುತ್ತದೆ, ಕಲ್ಲುಕುಟಿಗನ ಕಂಬ ಉಳಿಯುತ್ತದೆ, ನನ್ನದು ಮಾತ್ರ ಬಾಳೆಯ ಬುಡಕ್ಕೆ ಏಕೆ ಎಂದು ಯೋಚಿಸಿದನು. ಡಬ್ಬಿಗಳನ್ನು ಇಳಿಸಿಕೊಂಡನು.

ಆ ಯುಗಾದಿಯ ಪಂಚಾಂಗ ಕನ್ನಡಿಯಂತೆ ಹೊಳೆಯಿತು. ಜನ ಹೊಗಳಿದರು. ಅಚ್ಚುಮೊಳೆಗಳನ್ನು ತೊಳೆಯಲು ಈಗ ಬೂದಿನೀರು ಸಾಲದೆ ಸೀಮೆಎಣ್ಣೆ ಬೇಕಾಯಿತು. ತೊಳೆದ ನೀರು ಮೋರಿಗೆ ಬಿತ್ತು, ಮೋರಿಯಿಂದ ಹಳ್ಳಕ್ಕೆ ಹೋಯಿತು. ಅದನ್ನು ಯಾರೂ ಕೇಳಲಿಲ್ಲ.

ಮುಂದಿನ ಯುಗಾದಿಗೆ ಆ ಹೊಳೆಯುವ ಪಂಚಾಂಗಗಳು ಪದ್ಧತಿಯಂತೆ ಮರಳಿ ಬಂದವು. ಮಳೆಗಾಲ ಕಳೆಯಿತು. ಒಂದು ದಿನ ಮುದುಕಿಯು ಹಿತ್ತಾಳೆಯ ತಟ್ಟೆಯಲ್ಲಿ ಏನನ್ನೋ ಹಿಡಿದು ಅಚ್ಚುಮನೆಯ ಮೆಟ್ಟಿಲು ಹತ್ತಿದಳು. ತಟ್ಟೆಯನ್ನು ಆತನ ಎದುರಿಗೆ ಇಟ್ಟಳು. ಅದರಲ್ಲಿ ಕೆಸರಿನಂತಹ ಕಪ್ಪು ಮುದ್ದೆಯಿತ್ತು.

“ಏನಿದು, ಅಜ್ಜಿ?”

“ನಿಮ್ಮ ಮಸಿ, ಯಜಮಾನರೇ. ನಮ್ಮ ತೊಟ್ಟಿಗೆ ನೆಂಟನಾಗಿ ಬಂದಿದೆ. ಬೂದಿನೀರಿನಲ್ಲಿ ಕುದಿಸಿದೆವು. ಸುಣ್ಣ ಹಾಕಿ ತುಳಿದೆವು. ಹೊರಡುವ ಮಾತೇ ಆಡುವುದಿಲ್ಲ. ಹಾಸಿಗೆ ಹಾಸಿಕೊಡಲೇ?”

“ಇನ್ನೊಮ್ಮೆ ತೊಳೆಯಿರಿ.”

“ತೊಳೆದ ನೀರಿಗೆ ಹಳ್ಳದ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದೆ. ನನ್ನ ಸೊಸೆಯಂದಿರ ಕಾಲು ಬಿರಿದು ರಕ್ತ ಬಂದಿದೆ. ಇನ್ನು ತೊಳೆಯುವುದಿದ್ದರೆ ನೀವೇ ಬನ್ನಿ.”

ಆತನು ಹೋದನು. ಪಂಚೆ ಎತ್ತಿ ಕಟ್ಟಿ ತಾನೇ ತೊಟ್ಟಿಗೆ ಇಳಿದು ಮಧ್ಯಾಹ್ನದವರೆಗೆ ತುಳಿದನು. ಮುದ್ದೆ ಕಪ್ಪಾಗಿಯೇ ಉಳಿಯಿತು. ಆತನ ಕಾಲೂ ಕಪ್ಪಾಯಿತು. ಹಳ್ಳದ ನೀರಿನ ಮೇಲೆ ಎಣ್ಣೆಯ ಬಣ್ಣಗಳು ಹರಿದಾಡುತ್ತಿದ್ದವು. ದಂಡೆಯಲ್ಲಿ ಬಟ್ಟೆ ಒಗೆಯಲು ಬಂದವರು ಗಂಟು ಬಿಚ್ಚದೆ ಹಿಂದಿರುಗಿದರು.

ಸುದ್ದಿ ಊರಿಗೆ ಹಬ್ಬಿತು. ಊರ ಹಿರಿಯರು ಸೇರಿದರು. ಬಂದರಿನಿಂದ ಕಾಗದ ತರಿಸೋಣವೆಂದರೆ ಘಟ್ಟದ ದಾರಿ ಮಳೆಗೆ ಕುಸಿದು, ಬಂಡಿ ಇಳಿಯುವ ಹಾಗಿರಲಿಲ್ಲ. ಹಿರಿಯರು ಹೇಳಿದುದು ಇಷ್ಟೇ: ಪಂಚಾಂಗವಿಲ್ಲದ ಯುಗಾದಿಯನ್ನು ಈ ಊರು ಕಂಡಿಲ್ಲ, ಹಬ್ಬಕ್ಕೆ ಪಂಚಾಂಗ ಬಾರದಿದ್ದರೆ ತಾಂಬೂಲದ ಮರ್ಯಾದೆ ನಿಮ್ಮ ಮನೆಗೆ ಇನ್ನಿಲ್ಲ. ಕಾಗದದ ಕೇರಿಯವರು ಅಷ್ಟನ್ನೂ ಹೇಳಲಿಲ್ಲ. ಕೆಟ್ಟ ಹಳ್ಳವನ್ನು ಬಿಟ್ಟು ಬೇರೆ ನೀರು ಹುಡುಕಿಕೊಂಡು ಹೋಗಲು ಅವರು ಪಾತ್ರೆಗಳನ್ನು ಜೋಡಿಸಿಕೊಳ್ಳುತ್ತಿದ್ದರು.

ಅಚ್ಚಿನವನು ಮನೆಗೆ ಬಂದು ಅಜ್ಜನ ಮರದ ಪೆಟ್ಟಿಗೆಯನ್ನು ತೆರೆದನು. ಅಜ್ಜನು ಅಚ್ಚು ಹಾಕಿದ ಮೊದಲ ಪಂಚಾಂಗದ ಒಂದು ಪ್ರತಿಯನ್ನು ನೆನಪಿಗೆಂದು ಅದರಲ್ಲಿ ಇಟ್ಟಿದ್ದರು. ಹಳೆಯ ಮಸಿ ಬಲವಿಲ್ಲದ್ದು, ಇಷ್ಟು ಹೊತ್ತಿಗೆ ಮಾಸಿರುತ್ತದೆ, ಹಿರಿಯರಿಗೆ ತೋರಿಸಿ ನನ್ನ ತಪ್ಪಿಲ್ಲವೆನ್ನುತ್ತೇನೆ ಎಂಬುದು ಆತನ ಎಣಿಕೆ. ಪುಟ ತಿರುವಿದನು. ಅಕ್ಷರಗಳು ಆಗತಾನೆ ಅಚ್ಚಾದಂತೆ ಕಪ್ಪಾಗಿದ್ದವು. ವ್ಯಾಪಾರಿಯ ಮಸಿಯಲ್ಲಿ ಅಚ್ಚಾದ ಹಾಳೆಯನ್ನು ಪಕ್ಕದಲ್ಲಿ ಹಿಡಿದನು. ಅದರ ಹೊಳಪು ಆಗಲೇ ಕಂದಿ, ಅಕ್ಷರದ ಸುತ್ತ ಹಳದಿಯ ಎಣ್ಣೆಗೆರೆ ಮೂಡಿತ್ತು.

ಆತನು ಬಹಳ ಹೊತ್ತು ಎರಡನ್ನೂ ನೋಡಿದನು. ಅನಂತರ ಅಜ್ಜನ ಪಂಚಾಂಗವನ್ನು ತೆಗೆದುಕೊಂಡು ಹಳ್ಳಕ್ಕೆ ನಡೆದನು. ಕೇರಿಯವರ ಎದುರಿಗೆ ಅದರ ಕೊನೆಯ ಹಾಳೆಯನ್ನು ಹರಿದನು.

“ಅಯ್ಯೋ!” ಎಂದಳು ಮುದುಕಿ. ಆ ಹಾಳೆಯ ಕಾಗದ ಅವಳ ಅಜ್ಜಿಯ ಕೈಯದು.

ಆತನು ಹಾಳೆಯನ್ನು ಬೂದಿನೀರಿನಲ್ಲಿ ಕುದಿಸಿ, ತೊಟ್ಟಿಯಲ್ಲಿ ಕಿವುಚಿದನು. ನೀರು ಕಪ್ಪಾಯಿತು. ಕೈಯಲ್ಲಿ ಉಳಿದ ತಿರುಳು ಬೆಳ್ಳಗಿತ್ತು.

ಇರು ಎಂದಾಗ ಮೂರು ತಲೆಮಾರು ಇದ್ದ ಮಸಿ, ಏಳು ಎಂದಾಗ ಎದ್ದು ಹೋಗಿತ್ತು.

ಅಚ್ಚಿನವನು ತೊಟ್ಟಿಯ ಅಂಚಿನಲ್ಲಿ ಕುಳಿತನು. ತಾನು ಯಾವುದನ್ನು ಹಳೆಯ ಮಸಿಯ ಸೋಲು ಎಂದುಕೊಂಡಿದ್ದನೋ ಅದನ್ನೇ ನಂಬಿ ಈ ಕೇರಿ ಬದುಕಿತ್ತು, ಹಳ್ಳ ಬದುಕಿತ್ತು, ತನ್ನ ಮನೆಯ ಮರ್ಯಾದೆಯೂ ಬದುಕಿತ್ತು. ಆತನು ಎದ್ದು ಹೇಳಿದನು: “ಮಸಿಯನ್ನು ನಾನು ಕಾಸುತ್ತೇನೆ. ಗಂಟು ಬಿಚ್ಚಿರಿ, ಅಜ್ಜಿ. ನೀವು ಹೋಗಬೇಡಿ.”

“ಮಸಿ ಕಾಸುತ್ತೀರಿ, ಸರಿ. ಅಚ್ಚು ಎಲ್ಲಿ ಹಾಕುತ್ತೀರಿ? ನನ್ನ ಬೆನ್ನಿನ ಮೇಲೆಯೇ? ತಿರುಳೆಲ್ಲ ಕಪ್ಪಾಗಿ ಕುಳಿತಿದೆಯಲ್ಲ!”

“ಪಂಚಾಂಗ ಮರಳಿ ಬರುವ ಪದ್ಧತಿ ಶುರುವಾಗುವ ಮೊದಲು, ಮೊತ್ತಮೊದಲ ಕಾಗದವನ್ನು ನಿಮ್ಮ ಅಜ್ಜಿ ಯಾವುದರಿಂದ ಮಾಡಿದಳು?”

ಮುದುಕಿ ಆತನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. “ಚಿಂದಿಯಿಂದ. ನಿಮ್ಮ ಅಜ್ಜ ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಹೋಗಿ ಬೇಡಿ ತಂದಿದ್ದನಂತೆ. ತಾಂಬೂಲದವರು ಬುಟ್ಟಿ ಹೊರುತ್ತೀರೋ?”

ಮರುದಿನ ಬೆಳಗ್ಗೆ ಅಚ್ಚಿನವನು ಬುಟ್ಟಿ ಹೊತ್ತನು.

ಪ್ರತಿಯೊಂದು ಬಾಗಿಲಲ್ಲಿ ನಿಂತು ಆತನು ಒಂದೇ ಮಾತು ಹೇಳಿದನು: “ನನ್ನ ಮಸಿಯಿಂದ ಹಳ್ಳ ಕೆಟ್ಟಿತು. ಸವೆದ ನೂಲುಬಟ್ಟೆಯಿದ್ದರೆ ಕೊಡಿ. ಪಂಚಾಂಗ ಮಾಡಿ ಕೊಡುತ್ತೇನೆ.” ಮೊದಲ ಬೀದಿಯಲ್ಲಿ ನಕ್ಕರು. “ಬನ್ನಿರೇ, ಪಂಚಾಂಗದವರು ಹಳೆಬಟ್ಟೆ ವ್ಯಾಪಾರಕ್ಕೆ ಇಳಿದಿದ್ದಾರೆ!” ಎಂದು ಒಬ್ಬಳು ನೆರೆಯವರನ್ನು ಕೂಗಿ ಕರೆದಳು. ಕರೆದವಳೇ ಒಳಗೆ ಹೋಗಿ ಮಾವನ ಪಂಚೆಯನ್ನು ತಂದು ಬುಟ್ಟಿಗೆ ಹಾಕಿದಳು. ಎರಡನೆಯ ಬೀದಿಯಲ್ಲಿ ನಗು ಕಡಿಮೆಯಾಯಿತು. ನೇಕಾರನು ಮಗ್ಗದ ಕೆಳಗೆ ಬಿದ್ದ ನೂಲಿನ ತುಂಡುಗಳನ್ನು ಗುಡಿಸಿ ಕೊಟ್ಟನು. ಒಬ್ಬ ಮುತ್ತಜ್ಜಿ ಮದುವೆಯ ಸೀರೆಯನ್ನು ತಂದು, ಮಡಿಕೆಯಲ್ಲಿಯೇ ಹರಿದು ಹೋಗಿದ್ದ ಅದನ್ನು ಸವರಿ, ಕೊಟ್ಟಳು. ಇನ್ನೊಬ್ಬಳು, “ಬಟ್ಟೆಯೊಂದೇ ಏಕೆ? ದೀಪದ ಗೂಡಿನ ಕಾಡಿಗೆಯನ್ನೂ ಕೆರೆದುಕೊಂಡು ಹೋಗಿ. ನನ್ನ ಗೋಡೆಯಾದರೂ ಬೆಳ್ಳಗಾಗಲಿ,” ಎಂದಳು. ಆತನು ಕೆರೆದುಕೊಂಡನು. ಆಮೇಲೆ ಊರಿನ ಗೂಡುಗಳೆಲ್ಲ ಆತನ ಪಾಲಿಗೆ ಬಂದವು. ಗಾಣಿಗನು ಅಗಸೆಯನ್ನು ಆಡಿಸಿ ಎಣ್ಣೆ ಕಳುಹಿಸಿದನು.

ಕೇರಿಯಲ್ಲಿ ಹಗಲೆಲ್ಲ ಒನಕೆಯ ಸದ್ದು. ಅಚ್ಚುಮನೆಯಲ್ಲಿ ಎಣ್ಣೆಯ ಹೊಗೆ. ಮನೆಯ ತುಂಬ ಮತ್ತೆ ಹಗ್ಗಗಳು. ಅಚ್ಚಿನವನು ಬಗ್ಗಿ ಓಡಾಡಿದನು. ಈ ಸಲ ಯಾರನ್ನೂ ಬಯ್ಯಲಿಲ್ಲ. ಅಚ್ಚುಮೊಳೆಗಳನ್ನು ಬೂದಿನೀರಿನಲ್ಲಿಯೇ ತೊಳೆದನು. ಬಿಳುಪಾಗದೆ ಉಳಿದ ಕಪ್ಪು ಮುದ್ದೆಯನ್ನು ಏನು ಮಾಡುವುದೆಂದು ಮುದುಕಿ ಕೇಳಿದಳು. “ಏಳಲೊಲ್ಲದವನಿಗೆ ಹೊರಗಿನ ಜಗುಲಿಯೇ ಸರಿ,” ಎಂದು ಆತನು ಅದನ್ನು ಒತ್ತಿಸಿ ರಟ್ಟು ಮಾಡಿಸಿ, ಪಂಚಾಂಗಕ್ಕೆ ಹೊದಿಕೆಯಾಗಿ ಹಾಕಿದನು.

ಯುಗಾದಿ ಬಂದಿತು. ಬೇವುಬೆಲ್ಲ ಹಂಚಿದರು. ಮಂಟಪದ ಮುಂದೆ ಊರೆಲ್ಲ ನೆರೆಯಿತು. ಅಚ್ಚಿನವನು ಪಂಚಾಂಗದ ಕಟ್ಟನ್ನು ತಲೆಯ ಮೇಲೆ ಹೊತ್ತು ತಂದನು. ಆತನು ಹೊತ್ತಿದ್ದು ಅದೇ ಬುಟ್ಟಿಯಲ್ಲಿ.

ಪುರೋಹಿತನು ಕಪ್ಪು ರಟ್ಟನ್ನು ತೆರೆದು ಮೊದಲ ಹಾಳೆಯನ್ನು ಬೆಳಕಿಗೆ ಹಿಡಿದನು. ಹಾಳೆ ಅಷ್ಟು ಬೆಳ್ಳಗಿರಲಿಲ್ಲ. ಅಲ್ಲಲ್ಲಿ ಒಂದು ಕೆಂಪು ಎಳೆ, ಒಂದು ನೀಲಿ ಎಳೆ ಕಾಗದದೊಳಗೆ ಉಳಿದುಕೊಂಡಿತ್ತು. ಜನ ಕತ್ತು ಚಾಚಿ ನೋಡಿದರು.

ಆಗ ಮುತ್ತಜ್ಜಿಯು ತನಗೆ ಬಂದ ಪ್ರತಿಯನ್ನು ಕಣ್ಣಿನ ಹತ್ತಿರ ಹಿಡಿದು ಕೂಗಿದಳು: “ನನ್ನ ಸೀರೆ! ಇದು ನನ್ನ ಸೀರೆಯ ಅಂಚು, ನೋಡಿ, ಚೌತಿಯ ಹಬ್ಬಕ್ಕೆ ಬಂದು ಕುಳಿತಿದೆ!”

ಮಂಟಪದ ಮುಂದೆ ಗದ್ದಲವೆದ್ದಿತು. ಎಲ್ಲರೂ ಪುಟ ತಿರುವಿ ತಮ್ಮ ತಮ್ಮ ಎಳೆಯನ್ನು ಹುಡುಕತೊಡಗಿದರು. ಒಬ್ಬನು ಮುಖ ಕೆಡಿಸಿಕೊಂಡು ಮುಂದೆ ಬಂದನು: “ಯಜಮಾನರೇ, ನನ್ನ ವಲ್ಲಿ ಅಮಾವಾಸ್ಯೆಗೆ ಬಿದ್ದಿದೆ. ಬದಲಾಯಿಸಿ ಕೊಡಿ.” ಹಿಂದಿನಿಂದ ಯಾರೋ, “ಅದನ್ನು ಹೊದ್ದು ನೀನು ಮಾಡಿದ ಕೆಲಸಗಳಿಗೆ ಅದೇ ತಿಥಿ ಸರಿ, ಕೂತುಕೋ!” ಎಂದರು. ಊರು ಊರೇ ನಕ್ಕಿತು. ಪುರೋಹಿತನು ನಗು ತಡೆಯಲಾರದೆ ಸಂವತ್ಸರದ ಹೆಸರನ್ನು ಎರಡು ಸಲ ಓದಿದನು.

ಹಿರಿಯರು ತಾಂಬೂಲ ಕೊಟ್ಟರು. ಅಚ್ಚಿನವನು ಎರಡೂ ಕೈಯೊಡ್ಡಿ ತೆಗೆದುಕೊಂಡನು. ಅಲ್ಲಿಂದ ನೇರವಾಗಿ ನಡೆದು ಜನರ ಹಿಂದೆ ನಿಂತಿದ್ದ ಮುದುಕಿಯ ಮುಂದೆ ಅದನ್ನು ಹಿಡಿದನು.

“ನನಗೇಕೆ? ಹಲ್ಲಿಲ್ಲ,” ಎಂದಳು ಅವಳು. ಆದರೆ ತೆಗೆದುಕೊಂಡಳು. ಸೆರಗಿನಲ್ಲಿ ಕಟ್ಟಿಕೊಂಡು ಕಣ್ಣೊರೆಸಿಕೊಂಡಳು. “ಈಗಲೇ ಬೀಗಬೇಡಿ, ಯಜಮಾನರೇ. ನೆಂಟ ಹೊರಡುವುದನ್ನು ನೋಡಬೇಕು.”

ನೋಡಿದರು. ವ್ಯಾಪಾರಿಯ ಮಸಿಯ ಕೊನೆಯ ಪ್ರತಿಗಳು ರಟ್ಟಿಗೆ ಹೋಗಿ, ಇನ್ನೊಂದು ವರ್ಷ ಚಿಂದಿಯ ಕಾಗದವೇ ಆಯಿತು. ಮುಂದಿನ ಯುಗಾದಿಗೆ ಚಿಂದಿಯ ಪಂಚಾಂಗಗಳು ಮರಳಿ ಬಂದವು. ಮಳೆ ಕಳೆದು ಹಳ್ಳ ತಿಳಿಯಾದ ಮೇಲೆ ತೊಟ್ಟಿ ತುಂಬಿಸಿದ ದಿನ ಊರವರು ದಂಡೆಯ ಮೇಲೆ ಸಾಲಾಗಿ ನಿಂತಿದ್ದರು. ಅಚ್ಚಿನವನೂ ಕೇರಿಯವರೊಡನೆ ತೊಟ್ಟಿಗಿಳಿದು ತುಳಿದನು. ನೀರು ಬೂದುಬಣ್ಣಕ್ಕೆ ತಿರುಗಿತು, ಆಮೇಲೆ ಕಪ್ಪಾಯಿತು. ಮುದುಕಿಯು ಜರಡಿಯನ್ನು ಮುಳುಗಿಸಿ ಎತ್ತಿದಳು. ಜರಡಿಯ ಮೇಲೆ ಒಂದು ಬಿಳಿಯ ಹಾಳೆ, ಅದರ ನಡುವೆ ಒಂದು ಕೆಂಪು ಎಳೆ.

“ಹೊರಟ!” ಎಂದು ಕೂಗಿದಳು ಮುದುಕಿ.

ದಂಡೆಯ ಮೇಲಿದ್ದವರು “ಹೊರಟ! ಹೊರಟ!” ಎಂದು ಕೈ ತಟ್ಟಿದರು. ಯಾರೋ ಹಲಗೆ ಬಾರಿಸಿದರು. ಮಸಿ ಬಿಟ್ಟ ನೀರು ಕಾಲುವೆ ಹಿಡಿದು ಬಾಳೆಯ ತೋಟಕ್ಕೆ ಹೋಯಿತು. ತನ್ನ ಒಂದು ವರ್ಷದ ಕೆಲಸ ಬಾಳೆಯ ಬುಡಕ್ಕೆ ಹರಿದು ಹೋಗುವುದನ್ನು ಅಚ್ಚಿನವನು ತೊಟ್ಟಿಯಲ್ಲಿ ನಿಂತೇ ನೋಡಿದನು. ಆತನ ಮುಖದಲ್ಲಿ ಆ ದಿನ ಇದ್ದಂತಹ ಸಂತೋಷವನ್ನು ತಾಂಬೂಲದ ದಿನವೂ ಯಾರೂ ಕಂಡಿರಲಿಲ್ಲ. ಆ ಬೇಸಿಗೆಯಲ್ಲಿ ಬಟ್ಟೆ ಒಗೆಯುವವರು ಹಳ್ಳಕ್ಕೆ ಮರಳಿದರು. ಅವರ ಕಾಲಿನ ಸುತ್ತ ಮರಿಮೀನುಗಳು ಓಡಾಡಿದವು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಓಂಕಾರಯ್ಯನು ತೊಡೆಯ ಮೇಲಿನ ಹಾಳೆಯನ್ನು ನೋಡಿದನು. ತಂಬಿಗೆಯಿಂದ ಹತ್ತಿದ್ದ ನೀರು ಅದರ ಮೇಲೆ ಹನಿಹನಿಯಾಗಿ ನಿಂತಿತ್ತು. ಒಂದು ಹನಿಯೂ ಒಳಗಿಳಿದಿರಲಿಲ್ಲ.

“ಬುದ್ಧಿ, ಪಂಚಾಂಗವಾದರೆ ಒಂದು ವರ್ಷದ ಬಾಳು,” ಎಂದನು ಆತನು ಮೆಲ್ಲಗೆ. “ಇವು ತಮ್ಮ ಮಾತುಗಳು. ಇವನ್ನು ತೊಳೆದುಬಿಡಬಹುದೇ?”

ಗುರುಗಳು ನಕ್ಕರು.

“ಏಳಲು ಬಾರದವನನ್ನು ಗುರುವಿನ ಪೀಠದ ಮೇಲೂ ಕೂರಿಸಬಾರದು, ಓಂಕಾರಯ್ಯ. ನನ್ನ ಮಾತು ಎದ್ದ ಜಾಗದಲ್ಲಿ ನಾಳೆ ಒಂದು ಮಗು ತನ್ನ ಮಾತು ಬರೆಯಲಿ.”

ಪ್ರಸಾದದ ಗಂಟೆ ಬಾರಿಸಿದರೂ ಓಂಕಾರಯ್ಯನು ಕುಳಿತೇ ಇದ್ದನು.

ಸಂಜೆ ಆತನು ಮಾದರಿಯ ಹಾಳೆಯನ್ನು ಅಚ್ಚುಮನೆಗೆ ಹಿಂದಿರುಗಿಸಿದನು. ಗ್ರಂಥವು ಕಾರ್ತಿಕದಲ್ಲಿ ಹೊರಬಂದಿತು. ಕಾಗದವು ಹತ್ತಿಬಟ್ಟೆಯ ಚೂರುಗಳದು. ಮಸಿ ಅಗಸೆ ಎಣ್ಣೆಯದು. ಬೆನ್ನನ್ನು ದಾರದಿಂದ ಹೊಲಿದಿದ್ದರು. ಓದಿ ಮುಗಿದು ಬೇಡವಾದವರು ಮಠಕ್ಕೆ ಮರಳಿಸಬೇಕೆಂದು ಕೊನೆಯ ಪುಟದಲ್ಲಿ ಅಚ್ಚಾಗಿತ್ತು. ಹಲವರು ಇಟ್ಟುಕೊಂಡರು, ಕೆಲವರು ಮರಳಿಸಿದರು. ಮರಳಿ ಬಂದವುಗಳನ್ನು ತೊಳೆದು ಮಾಡಿದ ಕಾಗದದಲ್ಲಿ ಮರುವರ್ಷ ಮಠದ ಶಾಲೆಯ ಮಕ್ಕಳು ಅಕ್ಷರ ತಿದ್ದಿದರು.